ನೆರೆಯವರ ನೀರಿಗೆ ನಮ್ಮ ಹೊಲದಲ್ಲಿ ದಾರಿ

ಕಳೆದ ವರ್ಷ ಶಿವರಾತ್ರಿ ಮುಗಿದ ವಾರದಲ್ಲಿ ಒಂದು ಸಂಜೆ ನಮ್ಮ ಹೊಲದ ಕೆಳಗಿನ ತೋಟದವರು ಮನೆಗೆ ಬಂದು ಜಗುಲಿಯ ಮೇಲೆ ಕುಳಿತರು. ಅವರಿಗೂ ನಮಗೂ ರಕ್ತಸಂಬಂಧವಿಲ್ಲ. ಆದರೂ ಊರಿನ ರೂಢಿಯಂತೆ ನಾನು ಅವರನ್ನು ಮಾವ ಎನ್ನುತ್ತೇನೆ. ಅವರು ನಮ್ಮ ತಂದೆಯನ್ನು ಭಾವ ಎನ್ನುತ್ತಾರೆ. ಎಲೆ ಅಡಿಕೆ ಹಾಕಿಕೊಂಡು, ಮಳೆ ಬೆಳೆ ಗೂಡಿನ ಧಾರಣೆ ಎಲ್ಲವನ್ನೂ ಮಾತನಾಡಿ, ಏಳುವ ಹೊತ್ತಿಗೆ ಅವರು ಬಂದ ಕಾರ್ಯವನ್ನು ಹೇಳಿದರು. “ಭಾವ, ನಿಮ್ಮ ಹೊಲದೊಳಗೆ ಒಂದು ಪೈಪು ಹೂತ್ಕೋತೀನಿ, ಅಷ್ಟೇಯ. ಮೇಲೆ ಮಣ್ಣು ಮುಚ್ಚಿದ್ರೆ ಕಣ್ಗೂ ಕಾಣಲ್ಲ.” ನಮ್ಮ ತಂದೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. “ಹುಡುಗ ಕಾಲೇಜಿಗೆ ಹೋಯ್ತಾನೆ, ಅವನ್ನೊಂದ್ ಮಾತು ಕೇಳ್ತೀನಿ” ಎಂದುಬಿಟ್ಟರು. ಆ ಒಂದು ಮಾತಿನಿಂದ ನನ್ನ ತಲೆಗೆ ಬಂದ ಅಧ್ಯಯನವೇ ಈ ಲೇಖನ. ನಾನು ಕಾನೂನಿನ ವಿದ್ಯಾರ್ಥಿಯಲ್ಲ, ಬಿ.ಎ. ತರಗತಿಯವನು. ತಿಳಿದವರು ತಪ್ಪಿದ್ದಲ್ಲಿ ತಿದ್ದಬೇಕು.

ಮೊದಲು ಜಮೀನಿನ ನೆಲೆಯನ್ನು ಹೇಳಬೇಕು. ನಮ್ಮದು ಎರಡು ಎಕರೆ ಚಿಲ್ಲರೆ, ತೆಂಗು ಮತ್ತು ರಾಗಿಯ ಹೊಲ. ಅದರ ಕೆಳಗೆ, ಕೆರೆಯ ಹಿಂಬದಿಯಲ್ಲಿ, ಮಾವನವರ ತೋಟ. ಅಲ್ಲಿ ಅವರ ಕೊಳವೆಬಾವಿ ಇದೆ. ನಮ್ಮ ಹೊಲದ ಮೇಲ್ಭಾಗದಲ್ಲಿ ಅವರಿಗೇ ಸೇರಿದ ಒಂದೂವರೆ ಎಕರೆ ಹಿಪ್ಪುನೇರಳೆ. ಮೇಲಿನ ಹೊಲದಲ್ಲಿ ಎರಡು ಬಾರಿ ಬಾವಿ ಕೊರೆಸಿದರು, ಎರಡು ಬಾರಿಯೂ ಧೂಳೇ ಬಂತು. ಕೆಳಗಿನ ಬಾವಿಯಲ್ಲಿ ನೀರಿಗೆ ಕೊರತೆಯಿಲ್ಲ. ಇಗ್ಗಲೂರಿನ ಬಳಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ ನೀರೆತ್ತಿ ನಮ್ಮ ತಾಲ್ಲೂಕಿನ ಕೆರೆಗಳನ್ನು ತುಂಬಿಸತೊಡಗಿದ ಮೇಲೆ ಕೆರೆಯ ಮಗ್ಗುಲಿನ ಬಾವಿಗಳಿಗೆ ಜೀವ ಬಂದಿದೆ. ಆದರೆ ಆ ನೀರು ಮೇಲಿನ ಸೊಪ್ಪಿಗೆ ಮುಟ್ಟಬೇಕಾದರೆ ನಡುವೆ ನಾವಿದ್ದೇವೆ. ಬಂಡಿದಾರಿಯ ಅಂಚಿನಲ್ಲಿ ಸುತ್ತಿ ಒಯ್ಯಬಹುದು. ಆಗ ಕೊಳವೆಯ ಉದ್ದ ಮೂರು ಪಟ್ಟಿಗೂ ಮಿಕ್ಕುತ್ತದೆ. ರೇಷ್ಮೆಹುಳು ಸಾಕುವವರಿಗೆ ನಾಲ್ಕನೆಯ ಜ್ವರ ಎದ್ದ ಮೇಲೆ ಸೊಪ್ಪು ಸಾಲದೆ ಹೋದರೆ ಆಗುವ ನಷ್ಟವನ್ನು ಈ ಪ್ರಾಂತದ ಓದುಗರಿಗೆ ವಿವರಿಸಬೇಕಾಗಿಲ್ಲ. ಮತ್ತೊಂದು ವಿಷಯವೂ ಉಂಟು. ಬಹಳ ವರ್ಷಗಳ ಹಿಂದೆ ನಮ್ಮ ಬಾವಿ ಕೆಟ್ಟಿದ್ದಾಗ ಎರಡು ಬೇಸಗೆ ನಮ್ಮ ಎಳೆಯ ತೆಂಗಿನ ಗಿಡಗಳು ಉಳಿದದ್ದು ಅವರ ನೀರಿನಿಂದ. ಅದಕ್ಕೆ ಅವರು ಒಂದು ಕಾಸು ಕೇಳಿರಲಿಲ್ಲ.

ಹೀಗಿದ್ದರೂ ನಮ್ಮ ತಂದೆ ಅನುಮಾನಿಸಿದ್ದಕ್ಕೆ ಕಾರಣವಿದೆ. ನಮ್ಮ ತಾತ ತಮ್ಮ ಕಾಲದಲ್ಲಿ ಬೇರೊಬ್ಬ ನೆರೆಯವರಿಗೆ ಹೊಲದ ಒಂದು ಮಗ್ಗುಲಲ್ಲಿ ಗಾಡಿ ಹೊಡೆದುಕೊಂಡು ಹೋಗಲು ಬಾಯಿಮಾತಿನಲ್ಲಿ ಒಪ್ಪಿದ್ದರು. ಇಬ್ಬರು ಹಿರಿಯರೂ ತೀರಿಕೊಂಡ ಮೇಲೆ ಅದು ದಾವೆಯಾಯಿತು. “ನೀವು ಕೊಟ್ಟದ್ದಲ್ಲ, ನಮಗೆ ಹಕ್ಕೇ ಇತ್ತು” ಎಂದು ಅವರು. “ಕರುಣೆಯಿಂದ ಬಿಟ್ಟದ್ದು, ಈಗ ಬಿಡುವುದಿಲ್ಲ” ಎಂದು ನಮ್ಮವರು. ಒಂಬತ್ತು ವರ್ಷ ನಡೆದು, ಒಂದು ಜೊತೆ ಎತ್ತನ್ನು ನುಂಗಿ, ಕೊನೆಗೆ ಆರಡಿ ಜಾಗ ಬಿಡುವ ರಾಜಿಯಲ್ಲಿ ಮುಗಿಯಿತು. ಇಂದಿಗೂ ಆ ಮನೆಯ ಮದುವೆಗೆ ನಾವು ಹೋಗುವುದಿಲ್ಲ, ನಮ್ಮ ಮನೆಯ ಮದುವೆಗೆ ಅವರು ಬರುವುದಿಲ್ಲ. ನಮ್ಮ ತಂದೆಗೆ ಪೈಪೆಂದರೆ ಆ ಗಾಡಿಯ ಚಕ್ರವೇ ಕಣ್ಣಮುಂದೆ ಬಂದಿರಬೇಕು.

ನಾನಾದರೋ ಮೊದಲು ಹೀಗೆ ಯೋಚಿಸಿದೆ: ಬರೆದುಕೊಟ್ಟರೆ ಕಟ್ಟುಬೀಳುತ್ತೇವೆ, ಬಾಯಲ್ಲಿ ಹೇಳಿದರೆ ಬೇಡವಾದಾಗ ತೆಗೆಸಬಹುದು, ಆದುದರಿಂದ ಕಾಗದವಿಲ್ಲದೆ ಒಪ್ಪಿಬಿಡುವುದೇ ಜಾಣತನ. ಊರಿನಲ್ಲಿ ಕೇಳಿದವರೆಲ್ಲರೂ ಇದನ್ನೇ ಹೇಳಿದರು. ಪುಸ್ತಕ ನೋಡಿದ ಮೇಲೆ ಈ ಅಭಿಪ್ರಾಯ ತಲೆಕೆಳಗಾಯಿತು.

ಒಬ್ಬನ ನೆಲದ ಮೇಲೆ ಮತ್ತೊಬ್ಬನಿಗೆ, ಅವನ ನೆಲದ ಉಪಯೋಗಕ್ಕಾಗಿ, ಇರುವ ಹಕ್ಕನ್ನು ಇಂಗ್ಲಿಷ್ ಕಾನೂನು ಈಸ್‌ಮೆಂಟ್ ಎಂದು ಕರೆಯುತ್ತದೆ. ಕನ್ನಡದಲ್ಲಿ ಅನುಭೋಗದ ಹಕ್ಕು ಎನ್ನುವುದುಂಟು. ದಾರಿ ನಡೆಯುವುದು, ನೀರು ಹರಿಸುವುದು, ಗಾಳಿ ಬೆಳಕು ಪಡೆಯುವುದು ಎಲ್ಲವೂ ಇದರಲ್ಲಿ ಬರುತ್ತವೆ. ನಮ್ಮ ದೇಶದಲ್ಲಿ ಇದಕ್ಕೆ 1882ರ ಕಾಯಿದೆ ಇದೆ. ಮೊದಲು ಅದು ಮದ್ರಾಸ್, ಮಧ್ಯಪ್ರಾಂತ ಮತ್ತು ಕೊಡಗುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಆ ಕಾಯಿದೆಯ ಕಣ್ಣಿನಲ್ಲಿ ಹಕ್ಕು ಮನುಷ್ಯನಿಗೆ ಅಂಟಿಕೊಳ್ಳುವುದಿಲ್ಲ, ಜಮೀನಿಗೆ ಅಂಟಿಕೊಳ್ಳುತ್ತದೆ. ಒಂದು ಹಕ್ಕು ಪಡೆಯುವ ಜಮೀನು, ಇನ್ನೊಂದು ಹೊರೆ ಹೊರುವ ಜಮೀನು. ಮಾವನವರ ಮೇಲಿನ ಹೊಲ ಮೊದಲನೆಯದು, ನಮ್ಮದು ಎರಡನೆಯದು. ಜಮೀನು ಕೈ ಬದಲಾಯಿಸಿದರೂ ಹೊರೆ ಇಳಿಯುವುದಿಲ್ಲ. ಆದುದರಿಂದ ಮಾವನವರು ಎಂಥವರು ಎಂಬ ಪ್ರಶ್ನೆಗಿಂತ, ಅವರ ಹೊಲ ನಾಳೆ ಏನಾಗುತ್ತದೆ ಎಂಬ ಪ್ರಶ್ನೆ ದೊಡ್ಡದು.

ಇದೆಲ್ಲ ವಿದೇಶದ ಸರಕು ಎಂದು ತಿಳಿಯಬಾರದು. ನಮ್ಮ ಶಾಸನಗಳಲ್ಲೂ ಹಳೆಯ ಕ್ರಯಪತ್ರಗಳಲ್ಲೂ ಭೂಮಿಯನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳ ಸಮೇತ ಕೊಡುವ ಪದ್ಧತಿಯಿತ್ತು. ಭೂಮಿ ಎಂಬುದು ಒಂದೇ ವಸ್ತುವಲ್ಲ, ಭೋಗಗಳ ಕಟ್ಟು ಎಂಬ ತಿಳಿವಳಿಕೆ ಅದರಲ್ಲಿ ಅಡಗಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮನುಷ್ಯರು ಮತ್ತು ಸಣ್ಣ ಪಶುಗಳ ದಾರಿಯನ್ನು ಅಡ್ಡಗಟ್ಟಿದವನಿಗೆ 12 ಪಣ, ದೊಡ್ಡ ಪಶುಗಳ ದಾರಿಗೆ 24 ಪಣ ದಂಡವೆಂದು ಹೇಳಿದೆ. ರೋಮನರ ಕಾನೂನಿನಲ್ಲಿ ಹಳ್ಳಿಯ ಜಮೀನುಗಳ ಹೊರೆಗಳನ್ನು ಎಣಿಸುವಾಗ ಕಾಲುದಾರಿ, ದನದ ದಾರಿ, ಬಂಡಿದಾರಿಗಳ ಜೊತೆಗೇ ನಾಲ್ಕನೆಯದಾಗಿ ನೆರೆಯವನ ಹೊಲದ ಮೂಲಕ ನೀರೊಯ್ಯುವ ಹಕ್ಕನ್ನು ಎಣಿಸಿದ್ದಾರೆ. ಮಾವನವರ ಕೋರಿಕೆ ಹೊಸದೇನೂ ಅಲ್ಲ.

ನಾವು ಒಲ್ಲೆವೆಂದರೆ ಅವರು ಬಲವಂತ ಮಾಡಬಲ್ಲರೆ? ಸರ್ಕಾರಕ್ಕಾದರೆ ಆ ಬಲ ಉಂಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 92 ಮೈಲಿ ವಿದ್ಯುತ್ ತಂತಿ ಎಳೆದಾಗ, ಹಾದಿಯ ಒಬ್ಬೊಬ್ಬ ರೈತನ ಜಗುಲಿಯ ಮೇಲೂ ಕುಳಿತು ಕೇಳುತ್ತಿದ್ದರೆ ಗಣಿಗೆ ದೀಪ ಹತ್ತುತ್ತಿರಲಿಲ್ಲ. 1885ರ ಟೆಲಿಗ್ರಾಫ್ ಕಾಯಿದೆಯು ತಂತಿ ಕಂಬಗಳನ್ನು ಖಾಸಗಿ ನೆಲದಲ್ಲಿ ಹಾಕುವ ಅಧಿಕಾರವನ್ನು ಕೊಟ್ಟಾಗಲೂ, ನೆಲದ ಒಡೆತನ ದೊರೆಯದು, ಬಳಕೆ ಮಾತ್ರ. ಹಾನಿ ಆದಷ್ಟು ಕಡಿಮೆಯಿರಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು ಎಂದು ಕಟ್ಟು ಮಾಡಿತ್ತು. ನೆರೆಯ ರೈತನಿಗೆ ಇಂಥ ಅಧಿಕಾರವಿಲ್ಲ. ಅವನಿಗೆ ಉಳಿದಿರುವುದು ‘ಅಗತ್ಯದ ಹಕ್ಕು’ ಎಂಬ 13ನೆಯ ಕಲಂ. ಅದು ಒಂದೇ ಆಗಿದ್ದ ಜಮೀನು ಮಾರಾಟದಿಂದಲೋ ಪಾಲಿನಿಂದಲೋ ಒಡೆದು, ಒಂದು ಭಾಗಕ್ಕೆ ಬೇರೆ ಗತಿಯೇ ಇಲ್ಲದಾಗ ಹುಟ್ಟುವಂಥದು. ನಮ್ಮೆರಡು ಜಮೀನುಗಳು ಎಂದೂ ಒಂದಾಗಿದ್ದುದಿಲ್ಲ. ಬಂಡಿದಾರಿಯ ಮಾರ್ಗವೂ ತೆರೆದಿದೆ. ಬೇರೆ ದಾರಿಯಿರುವಾಗ ಅನುಕೂಲವನ್ನು ಅಗತ್ಯವೆನ್ನಲಾಗದು ಎಂಬುದನ್ನು ಸುಪ್ರೀಂ ಕೋರ್ಟು 2024ರ ಒಂದು ತೀರ್ಪಿನಲ್ಲೂ ಎತ್ತಿಹಿಡಿದಿದೆ. ಅಂದಮೇಲೆ ಕೊಡುವುದೂ ಬಿಡುವುದೂ ನಮ್ಮ ಕೈಯಲ್ಲಿತ್ತು. ಕೈಯಲ್ಲಿದ್ದುದರಿಂದಲೇ ಹೊಣೆಯೂ ನಮ್ಮದಾಯಿತು.

ಈಗ ಬಾಯಿಮಾತಿನ ವಿಚಾರ. ಹಕ್ಕು ಕೊಡದೆ ಸುಮ್ಮನೆ ‘ಮಾಡಿಕೊ’ ಎನ್ನುವುದಕ್ಕೆ ಕಾಯಿದೆಯಲ್ಲಿ ಲೈಸೆನ್ಸ್ ಎಂದು ಹೆಸರು. ನಾವು ಅಪ್ಪಣೆ ಎನ್ನೋಣ. ಸಾಮಾನ್ಯವಾಗಿ ಅಪ್ಪಣೆಯನ್ನು ಕೊಟ್ಟವನು ಹಿಂತೆಗೆದುಕೊಳ್ಳಬಹುದು. ಆದರೆ 60ನೆಯ ಕಲಂ ಒಂದು ಅಪವಾದವನ್ನು ಹೇಳುತ್ತದೆ: ಅಪ್ಪಣೆಯನ್ನು ನಂಬಿ ಮತ್ತೊಬ್ಬನು ಹಣ ಖರ್ಚು ಮಾಡಿ ಶಾಶ್ವತ ಸ್ವರೂಪದ ಕೆಲಸವನ್ನು ಮಾಡಿಬಿಟ್ಟಿದ್ದರೆ, ಆಮೇಲೆ ಹಿಂತೆಗೆದುಕೊಳ್ಳುವಂತಿಲ್ಲ. ಮೂರಡಿ ಆಳದ ಕಾಲುವೆ ತೋಡಿಸಿ ಹೂತ ಕೊಳವೆಯನ್ನು ನ್ಯಾಯಾಲಯವು ಅಂಥ ಕೆಲಸವೆಂದು ಒಪ್ಪಿತೆನ್ನಿ. ಬೇಡವಾದಾಗ ತೆಗೆಸಬಹುದೆಂಬ ನಮ್ಮ ಜಾಣತನ ಅಲ್ಲಿಗೆ ಮುಗಿಯಿತು. ಎಷ್ಟು ದಪ್ಪದ ಪೈಪು, ಯಾವ ಜಾಗದಲ್ಲಿ, ಎಷ್ಟು ಕಾಲ ಎಂಬ ಯಾವ ಮಿತಿಯೂ ಬರಹದಲ್ಲಿಲ್ಲದ, ಹಿಂತೆಗೆಯಲಾಗದ ಹೊರೆಯೊಂದು ನಮ್ಮ ಹೊಲದ ಮೇಲೆ ಕೂತಂತಾಯಿತು.

ಇದರ ಇನ್ನೊಂದು ಮುಖ ಮಾವನವರಿಗೆ ಕೆಟ್ಟದ್ದು. ಅಪ್ಪಣೆ ಎಂಬುದು ಜಮೀನಿನೊಡನೆ ಸಾಗುವ ಹಕ್ಕಲ್ಲ. ಅಪ್ಪಣೆ ಕೊಟ್ಟವನು ಜಮೀನನ್ನು ಮಾರಿದರೆ ಕೊಂಡವನು ಅದಕ್ಕೆ ಬದ್ಧನಲ್ಲವೆಂದು 59ನೆಯ ಕಲಂ ಹೇಳುತ್ತದೆ. ನಾಳೆ ನಾವು ಯಾರಿಗಾದರೂ ಕ್ರಯಕ್ಕೆ ಕೊಟ್ಟೆವೆನ್ನಿ. ಬೆಂಗಳೂರಿನಿಂದ ಬಂದ ಹೊಸ ಯಜಮಾನನು ಬೇಲಿ ಹಾಕುವಾಗ ಗುಂಡಿ ತೋಡಿ, ಸಿಕ್ಕಿದ ಪೈಪನ್ನು ಕತ್ತರಿಸಿ ಎಸೆದರೆ ಮಾವನವರ ಹಿಪ್ಪುನೇರಳೆಯ ಗತಿಯೇನು? ಇಪ್ಪತ್ತು ವರ್ಷ ಬಳಸಿದರೆ ತಾನೇ ಹಕ್ಕಾಗುತ್ತದಲ್ಲ ಎಂದು ಕೆಲವರು ನನ್ನೊಡನೆ ವಾದಿಸಿದರು. ಹಾಗೂ ಅಲ್ಲ. 15ನೆಯ ಕಲಂ ಕೇಳುವುದು ಶಾಂತವಾಗಿ, ಬಹಿರಂಗವಾಗಿ, ತಡೆಯಿಲ್ಲದೆ, ‘ಹಕ್ಕೆಂದು’ ನಡೆಸಿದ ಇಪ್ಪತ್ತು ವರ್ಷದ ಬಳಕೆಯನ್ನು. ಅಪ್ಪಣೆ ಪಡೆದು ಬಳಸಿದ್ದು ನೂರು ವರ್ಷವಾದರೂ ಹಕ್ಕೆಂದು ಬಳಸಿದ್ದಾಗದು.

ಇದನ್ನು ಓದಿದ ರಾತ್ರಿ ನನಗೆ ತಾತನ ದಾವೆ ಅರ್ಥವಾಯಿತು. ಒಂಬತ್ತು ವರ್ಷದ ಜಗಳವೆಲ್ಲ ನಿಂತದ್ದು ಒಂದೇ ಮಾತಿನ ಮೇಲೆ: ಗಾಡಿ ಹೋದದ್ದು ಅಪ್ಪಣೆಯಿಂದಲೋ, ಹಕ್ಕಿನಿಂದಲೋ? ಅದನ್ನು ಹೇಳಬಲ್ಲವರು ಇಬ್ಬರೇ ಇದ್ದರು, ಇಬ್ಬರೂ ಮಣ್ಣಾಗಿದ್ದರು. ಎದುರು ಮನೆಯವರು ಸುಳ್ಳು ಹೇಳಿದರೆಂದೇ ನಾನು ಚಿಕ್ಕಂದಿನಿಂದ ನಂಬಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಅವರು ಹುಟ್ಟಿದಂದಿನಿಂದ ತಮ್ಮ ಗಾಡಿ ಆ ದಾರಿಯಲ್ಲಿ ಹೋಗುವುದನ್ನೇ ನೋಡಿದ್ದವರು. ಅವರಿಗೆ ಅದು ಹಕ್ಕಾಗಿ ಕಂಡದ್ದರಲ್ಲಿ ಆಶ್ಚರ್ಯವೇನು?

ಹಾಗಾದರೆ ಬರೆದುಕೊಡುವುದೆಂದರೆ ಎಲ್ಲವನ್ನೂ ಕೊಟ್ಟುಬಿಡುವುದೆ? 6ನೆಯ ಕಲಂ ಈ ಭಯವನ್ನು ಹೋಗಲಾಡಿಸುತ್ತದೆ. ಹಕ್ಕನ್ನು ಶಾಶ್ವತವಾಗಿಯೂ ಕೊಡಬಹುದು, ಇಷ್ಟು ವರ್ಷಕ್ಕೆಂದೂ ಕೊಡಬಹುದು. ಇಂಥ ಜಾಗದಲ್ಲಿ ಮಾತ್ರ, ಇಂಥ ಕಾರ್ಯಕ್ಕೆ ಮಾತ್ರ ಎನ್ನಬಹುದು. ಇಂಥದು ಸಂಭವಿಸಿದರೆ ರದ್ದು ಎಂದೂ ಷರತ್ತು ಹಾಕಬಹುದು. ಈ ಕಡೆಯ ಮಾತು ಬಲು ಮುಖ್ಯ. 2006ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ ಒಂದು ದಾರಿಯ ದಾವೆಯಲ್ಲಿ, ಅಗತ್ಯದಿಂದ ಹುಟ್ಟಿದ ಹಕ್ಕು ಅಗತ್ಯ ತೀರಿದಾಗ ತೀರುತ್ತದೆ, ಆದರೆ ಪತ್ರದಲ್ಲಿ ಕೊಟ್ಟ ಹಕ್ಕು ಬೇರೆ ದಾರಿ ಸಿಕ್ಕಿತೆಂಬ ಕಾರಣಕ್ಕೆ ತೀರುವುದಿಲ್ಲ ಎಂದು ತೀರ್ಮಾನಿಸಿತು. ಅಂದರೆ ಮುಂದೆ ಮಾವನವರ ಮೇಲಿನ ಹೊಲದಲ್ಲೇ ನೀರು ಸಿಕ್ಕಿದರೂ ಪತ್ರದಲ್ಲಿ ಬರೆಯದೆ ಹೋದರೆ ಕೊಳವೆಯ ಹಕ್ಕು ಉಳಿದೇ ಇರುತ್ತದೆ. ಮುಗಿಯುವ ಸಂದರ್ಭವನ್ನು ಆರಂಭದಲ್ಲೇ ಬರೆಯಬೇಕು. ಮದುವೆಯ ಮಾತುಕತೆಯಲ್ಲಿ ವಿಚ್ಛೇದನದ ಮಾತು ಎತ್ತಿದಂತೆ ಇದು ಕಿವಿಗೆ ಕಟುವಾಗಿ ಕೇಳಿಸುತ್ತದೆಂಬುದು ನಿಜ.

ಜಾಗದ ವಿಷಯದಲ್ಲಿ ಕಾನೂನಿಗಿಂತ ತೆಂಗಿನ ಬೇರು ನನಗೆ ಹೆಚ್ಚು ಪಾಠ ಹೇಳಿತು. ಮಾವನವರು ತೋರಿಸಿದ ಗೆರೆ ಹೊಲದ ನಡುವೆ ಓರೆಯಾಗಿ, ಹದಿನಾಲ್ಕು ಮರಗಳ ಬುಡದ ಹತ್ತಿರ ಹಾದುಹೋಗುತ್ತಿತ್ತು. ಜೆಸಿಬಿಯ ಹಲ್ಲಿಗೆ ಬೇರು ಸಿಕ್ಕಿದರೆ ಮರ ಸಾಯದೆ ಇರಬಹುದು, ಆದರೆ ಆ ವರ್ಷದ ಕಾಯಿ ಹೋಯಿತೆಂದೇ ಲೆಕ್ಕ. ಅದಕ್ಕಿಂತ ಹೆಚ್ಚಾಗಿ, ಓರೆಯ ಗೆರೆ ಹೊಲವನ್ನು ಎರಡು ಮಾಡುತ್ತದೆ. ಮುಂದೆ ಮನೆ ಕಟ್ಟಲಿ, ಬಾವಿ ಕೊರೆಸಲಿ, ಪ್ರತಿಯೊಂದಕ್ಕೂ ಅಡ್ಡ. ಉತ್ತರದ ಬದುವಿನ ಗುಂಟ ಹೋದರೆ ಮೂವತ್ತು ಮೀಟರು ಹೆಚ್ಚಾಗುತ್ತದೆ, ಆದರೆ ಬದುವಿನಲ್ಲಿ ನಾವು ಹೇಗಿದ್ದರೂ ಏನನ್ನೂ ಬೆಳೆಯುವುದಿಲ್ಲ. ಹೊರೆ ಹೊರುವವನಿಗೆ ಆದಷ್ಟು ಕಡಿಮೆ ತೊಂದರೆಯಾಗುವಂತೆ ಹಕ್ಕನ್ನು ಚಲಾಯಿಸಬೇಕೆಂಬುದು 22ನೆಯ ಕಲಮಿನ ಆಶಯವೂ ಹೌದು. ಆದರೆ ಕೊಳವೆ ಹೂತ ಮೇಲೆ ಕಲಂ ತೋರಿಸುವುದಕ್ಕಿಂತ, ತೋಡುವ ಮೊದಲೇ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಅಳತೆ ತೆಗೆದು, ನಕ್ಷೆಯನ್ನು ಪತ್ರಕ್ಕೆ ಹೊಂದಿಸುವುದು ಲೇಸು.

ದುರಸ್ತಿಯ ವಿಷಯಕ್ಕೆ ಕಾಯಿದೆಯಲ್ಲಿ ನಮಗಾಗಿಯೇ ಬರೆದಂಥ ಒಂದು ದೃಷ್ಟಾಂತವಿದೆ. 24ನೆಯ ಕಲಮಿನ ಕೆಳಗೆ, ಮತ್ತೊಬ್ಬನ ನೆಲದಲ್ಲಿ ನೀರಿನ ಕೊಳವೆ ಹಾಕುವ ಹಕ್ಕುಳ್ಳವನು ಅದನ್ನು ಸರಿಪಡಿಸಲು ಒಳಗೆ ಹೋಗಿ ಅಗೆಯಬಹುದು, ಆದರೆ ನೆಲವನ್ನು ಮೊದಲಿದ್ದ ಸ್ಥಿತಿಗೆ ತರಬೇಕು ಎಂದಿದೆ. ಖರ್ಚು ಅವನದೇ. ನಾವು ಇದಕ್ಕೆ ಸೇರಿಸಿದ್ದು ಒಂದೇ: ರಾಗಿ ಪೈರು ನಿಂತಿರುವಾಗ ಅಗೆಯಬೇಕಾದರೆ ಹಾಳಾದ ಪೈರಿಗೆ ಬೆಲೆ ಕಟ್ಟಿ ಕೊಡಬೇಕು.

ಬೆಳೆಯುವ ಹೊರೆಯ ಭಯ ಇದಕ್ಕಿಂತ ದೊಡ್ಡದು. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ನಮ್ಮ ಸುತ್ತಿನಲ್ಲಿ ಗುಂಟೆಯ ಲೆಕ್ಕದಲ್ಲಿ ಮಾತನಾಡುತ್ತಿದ್ದವರು ಚದರಡಿಯ ಲೆಕ್ಕದಲ್ಲಿ ಮಾತನಾಡುತ್ತಿದ್ದಾರೆ. ಇಂದು ಹಿಪ್ಪುನೇರಳೆಗೆ ಹೋಗುವ ನೀರು ನಾಳೆ ಅದೇ ಜಾಗದ ನಲವತ್ತು ನಿವೇಶನಗಳಿಗೆ ಹೋಗಬೇಕೆಂದರೆ? ತನ್ನ ಜಮೀನನ್ನು ಬದಲಾಯಿಸಿ ಹೊರೆಯನ್ನು ಗಣನೀಯವಾಗಿ ಹೆಚ್ಚಿಸುವಂತಿಲ್ಲವೆಂದು 29ನೆಯ ಕಲಂ ತಡೆಯುತ್ತದೆ. ಆದರೂ ‘ಗಣನೀಯ’ ಎಂಬುದನ್ನು ಅಳೆಯಲು ಮತ್ತೆ ಒಂಬತ್ತು ವರ್ಷ ಬೇಕಾದೀತು. ಆದುದರಿಂದ ಪತ್ರದಲ್ಲಿ ಎರಡೂವರೆ ಅಂಗುಲದ ಒಂದೇ ಕೊಳವೆ, ವ್ಯವಸಾಯಕ್ಕೆ ಮಾತ್ರ, ಭೂಮಿ ಪರಿವರ್ತನೆಯಾದ ದಿನ ಹಕ್ಕು ಕೊನೆ ಎಂದು ಬರೆಸಿದೆವು.

ಸಹಿ ಯಾರದು ಎಂಬಲ್ಲಿ ನಮಗೆ ಅನಿರೀಕ್ಷಿತವಾದ ತೊಡಕು ಬಂತು. ಜಮೀನು ಪಿತ್ರಾರ್ಜಿತ. ಜಂಟಿ ಒಡೆಯರಲ್ಲಿ ಒಬ್ಬನೇ ಉಳಿದವರ ಒಪ್ಪಿಗೆಯಿಲ್ಲದೆ ಇಂಥ ಹೊರೆಯನ್ನು ಹೊರಿಸಲಾರ. ಹೆಣ್ಣುಮಕ್ಕಳಿಗೂ ಸಮಪಾಲಿನ ಹಕ್ಕನ್ನು ನಮ್ಮ ರಾಜ್ಯದ ತಿದ್ದುಪಡಿ 1994ರಿಂದಲೂ ಕೇಂದ್ರದ ತಿದ್ದುಪಡಿ 2005ರಿಂದಲೂ ಒಪ್ಪಿವೆ. ಮಾಗಡಿಗೆ ಕೊಟ್ಟಿರುವ ನಮ್ಮ ಅಕ್ಕನನ್ನು ಕೇಳಲು ಹೋದಾಗ ಅವಳು, “ಸೈನ್ ಹಾಕ್ಸೋದಿದ್ರೆ ಮಾತ್ರ ನಾನ್ ಗ್ಯಾಪಕಕ್ ಬರ್ತೀನೇನೋ?” ಎಂದಳು. ನಾನು ಉತ್ತರ ಕೊಡಲಿಲ್ಲ. ಕೊಡುವಂಥ ಉತ್ತರ ಇರಲಿಲ್ಲ. ಅನಂತರ ಇಡೀ ಕರಡನ್ನು ಓದಿಸಿಕೊಂಡು ಕೇಳಿ, ಉಪಯುಕ್ತವಾದ ಪ್ರಶ್ನೆಯೊಂದನ್ನು ಹಾಕಿದವಳೂ ಅವಳೇ: “ಮಾವನ ಇಬ್ರು ಮಕ್ಳು ಮೇಲಿನ ಹೊಲಾನ ಪಾಲು ಮಾಡ್ಕೊಂಡ್ರೆ ಎರಡು ಪೈಪ್ ಆಯ್ತದಾ?” ಪಾಲಾದರೆ ಹಕ್ಕು ಪ್ರತಿ ಪಾಲಿಗೂ ಸೇರುತ್ತದೆ, ಆದರೆ ಹೊರೆ ಹೆಚ್ಚಬಾರದು ಎಂದು 30ನೆಯ ಕಲಂ. ಕೊಳವೆ ಒಂದೇ ಎಂಬ ಮಾತನ್ನು ಕರಡಿನಲ್ಲಿ ಇನ್ನೊಮ್ಮೆ ಬರೆದೆವು.

ಹಣದ ಮಾತು ಬೇಗ ಮುಗಿಯಿತು. ನೀರಿಗೆ ದಾರಿ ಬಿಟ್ಟು ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ತಂದೆ ಹಟ ಹಿಡಿದರು. ನಮ್ಮ ತಾಯಿ ಮಾತ್ರ ಬದುವಿನ ನಡುವೆ ಒಂದು ಗೇಟ್ ವಾಲ್ವು ಇಡಿಸಿ, ನಮ್ಮ ಬಾವಿ ಕೆಟ್ಟ ಬೇಸಗೆಯಲ್ಲಿ ವಾರಕ್ಕೆರಡು ರಾತ್ರಿ ನೀರು ಬಿಡಬೇಕೆಂದು ಕೇಳಿದರು. ಇದು ಅವರ ಬಾವಿಯ ಮೇಲೆ ನಾವು ಹೊರಿಸುವ ಹೊರೆ. ಬರೆಯದೆ ಬಿಟ್ಟರೆ ಹಳೆಯ ಗಾಡಿದಾರಿಯೇ ತಿರುಗಿ ಹುಟ್ಟಿದಂತೆ ಎಂದು ನಾನು ವಾದಿಸಿ, ಅದನ್ನೂ ಪತ್ರದಲ್ಲಿ ಸೇರಿಸಿದೆ. ನೂರು ರೂಪಾಯಿಗೂ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬರಹದಲ್ಲಿ ಕೊಟ್ಟರೆ 1908ರ ನೋಂದಣಿ ಕಾಯಿದೆಯಂತೆ ರಿಜಿಸ್ಟರಾಗಬೇಕು. ರಿಜಿಸ್ಟರಾದರೆ ಮುಂದೆ ಜಮೀನು ಕೊಳ್ಳಬಂದವರಿಗೆ ಋಣಭಾರ ಪತ್ರದಲ್ಲಿ ಕಾಣಿಸುತ್ತದೆ. ಛಾಪಾಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿಟ್ಟುಕೊಂಡ ಕರಾರು ಅಷ್ಟು ಕೆಲಸಕ್ಕೆ ಬಾರದು.

ಕರಡನ್ನು ತೆಗೆದುಕೊಂಡು ಹೋಗಿ ಮಾವನವರ ಮುಂದೆ ಓದಿದಾಗ ಅವರ ಮುಖ ಚಿಕ್ಕದಾಯಿತು. “ಎಂಟು ಪುಟ ಬರ್ದಿದ್ದೀಯಲ್ಲ ಮಗ. ನಿಮ್ಮ ತೆಂಗಿಗೆ ನೀರು ಬಿಟ್ಟಾಗ ನಾನು ಎಷ್ಟು ಪುಟ ಬರೆಸ್ಕೊಂಡಿದ್ದೆ?” ಎಂದರು. ನಾನು ತಲೆ ತಗ್ಗಿಸಿದೆ. ತಂದೆ ಆ ಹಳೆಯ ದಾವೆಯನ್ನು ನೆನಪಿಸಲಿಲ್ಲ, 59ನೆಯ ಕಲಮಿನ ಸಾರಾಂಶವನ್ನು ತಮ್ಮದೇ ಮಾತಿನಲ್ಲಿ ಹೇಳಿದರು: “ನಾಳೆ ನಾನಿಲ್ದಾಗ ಇವ್ನೇ ಮಾರ್ಕೊಂಡ್ ಹೋದ ಅನ್ಕೊ. ಆಗ ನಿನ್ ಪೈಪ್ನ ಯಾರು ಕಾಯ್ತಾರೆ? ಈ ಕಾಗ್ದವೇ ಕಾಯ್ಬೇಕು.” ಮಾವನವರು ಬಹಳ ಹೊತ್ತು ಸುಮ್ಮನಿದ್ದು, ಬದುವಿನ ಗುಂಟ ಹೋಗುವುದಕ್ಕೂ ಭೂಪರಿವರ್ತನೆಯ ಷರತ್ತಿಗೂ ಒಪ್ಪಿದರು. ಹೆಚ್ಚಿಗೆ ಬೀಳುವ ಮೂವತ್ತು ಮೀಟರು ಪೈಪಿನ ಬೆಲೆಯನ್ನು ನಾವು ಕೊಡುವುದೆಂದಾಯಿತು. ರಾಗಿ ಕೊಯ್ಲಾದ ಮೇಲೆ ಕಾಲುವೆ ತೋಡಿ ಕೊಳವೆ ಹಾಕಿದ್ದಾರೆ. ಪತ್ರ ಅದಕ್ಕೂ ಮೊದಲೇ ರಿಜಿಸ್ಟರಾಗಿದೆ.

ಕೇಬಲ್ಲಿನ ವಿಚಾರ ಮಾತ್ರ ಉಳಿದಿದೆ. ಮೇಲಿನ ಹೊಲದಲ್ಲಿ ಹುಳುಮನೆ ಕಟ್ಟುತ್ತಿರುವ ಮಾವನವರು, ಹೇಗೂ ಕಾಲುವೆ ತೋಡಿದ ಜಾಗವಲ್ಲವೆ, ಅದೇ ಗುಂಟ ಒಂದು ವೈರು ಎಳೆದುಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ನೀರಿನ ಕೊಳವೆಗೆ ಕೊಟ್ಟ ಹಕ್ಕಿನಲ್ಲಿ ವಿದ್ಯುತ್ತು ಸೇರುವುದಿಲ್ಲ. ಪಂಪ್‌ಸೆಟ್ಟಿಗೆಂದು ಪಡೆದ ಸಂಪರ್ಕದಿಂದ ಬೇರೆ ಕಟ್ಟಡಕ್ಕೆ ದೀಪ ಒಯ್ಯುವುದೂ ನಿಯಮಕ್ಕೆ ಒಪ್ಪುವ ಕೆಲಸವಲ್ಲ. ಅಲ್ಲದೆ ಬದು ಕಡಿಯುವ ಆಳಿನ ಗುದ್ದಲಿ ಪೈಪಿಗೆ ತಗುಲಿದರೆ ನೀರು ಚಿಮ್ಮುತ್ತದೆ. ವೈರಿಗೆ ತಗುಲಿದರೆ ಆಗುವುದೇ ಬೇರೆ. ಹುಳುಮನೆಗೆ ಪ್ರತ್ಯೇಕ ಸಂಪರ್ಕಕ್ಕೆ ಅರ್ಜಿ ಹಾಕಲು ನಾನು ಹೇಳಿದ್ದೇನೆ, ಅರ್ಜಿಯನ್ನು ಬರೆದುಕೊಟ್ಟೂ ಇದ್ದೇನೆ. ಅವರು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದಾರೆ.